ಇಪ್ಪತ್ತಾರು ಕಿಲೋ ಚೀಲ

ನಮ್ಮೂರ ಹೆಸರು ಮಂಗಳೂರು. ಕಡಲ ತಡಿಯದ್ದಲ್ಲ, ಕೊಪ್ಪಳ ಜಿಲ್ಲೆಯದ್ದು. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದೆವು, ಈಗ ಕುಕನೂರು ತಾಲ್ಲೂಕಿನವರಾಗಿದ್ದೇವೆ. ಬೆಂಗಳೂರಿನಲ್ಲಿ ಊರು ಯಾವುದು ಎಂದು ಕೇಳಿದವರಿಗೆ ಹೇಳಿದರೆ, 'ಮೀನಿಲ್ಲದೆ ಹೇಗೆ ಊಟ ಸೇರುತ್ತೆ ನಿಮಗೆ ಇಲ್ಲಿ?' ಎನ್ನುತ್ತಾರೆ. ನಾವು ರೊಟ್ಟಿ, ಪುಂಡಿಪಲ್ಯದ ಮಂಗಳೂರಿನವರು ಎಂದು ತಿದ್ದಬೇಕು. ತಿದ್ದಿದ ಮೇಲೆ ಕೆಲವರು ಸುಮ್ಮನಾಗುತ್ತಾರೆ, ಕೆಲವರು ಉಪದೇಶಕ್ಕಿಳಿಯುತ್ತಾರೆ. ಆ ಕಡಲ ತಡಿಯವರನ್ನು ನೋಡಿ, ಇಪ್ಪತ್ತೈದು ವರ್ಷದೊಳಗೆ ಐದು ಬ್ಯಾಂಕು ಕಟ್ಟಿದರು. ನಿಮ್ಮ ಕಡೆ ಏನಾಗಿದೆ? ಉದ್ಯಮ ರಕ್ತದಲ್ಲಿರಬೇಕು ಸ್ವಾಮಿ, ಅದೊಂದು ಸಂಸ್ಕೃತಿ.

ಇದೇ ಮಾತನ್ನು ಇನ್ನೂ ನಯವಾಗಿ ಕೇಳಿದ್ದು ಒಂದು ತರಬೇತಿ ಶಿಬಿರದಲ್ಲಿ. ನಮ್ಮ ಭಾಗದ ಸಣ್ಣ ಉದ್ಯಮಿಗಳು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ನನ್ನಂಥ ಒಂದಿಬ್ಬರು ಹಳೆಯ ಗುಮಾಸ್ತರು ಕುಳಿತಿದ್ದೆವು. ಬೆಂಗಳೂರಿನಿಂದ ಬಂದ ಸಂಪನ್ಮೂಲ ವ್ಯಕ್ತಿ ಪರದೆಯ ಮೇಲೆ ಮೂರು ವೃತ್ತ ತೋರಿಸಿದರು: ಸ್ಟ್ರಾಟಜಿ, ಕಲ್ಚರ್, ಮ್ಯಾನೇಜ್‌ಮೆಂಟ್. ಮೂರೂ ಕೂಡುವ ನಡುವಿನ ಜಾಗದಲ್ಲಿ 'ಸ್ಪರ್ಧಾತ್ಮಕ ಸಂಸ್ಥೆ' ಎಂದು ಬರೆದಿತ್ತು. ನಿಮ್ಮ ಭಾಗದಲ್ಲಿ ಪರಿಶ್ರಮ ಇದೆ, ಇವು ಮೂರು ಇಲ್ಲ, ಅದಕ್ಕೇ ಹಿಂದುಳಿದಿರಿ ಎಂದರು. ಸಂಸ್ಕೃತಿಯು ಸ್ಟ್ರಾಟಜಿಯನ್ನು ಬೆಳಗಿನ ಉಪಾಹಾರಕ್ಕೇ ತಿಂದುಬಿಡುತ್ತದೆ ಎಂಬರ್ಥದ ಪ್ರಸಿದ್ಧ ಮಾತನ್ನು ಮ್ಯಾನೇಜ್‌ಮೆಂಟ್ ಗುರು ಪೀಟರ್ ಡ್ರಕರ್ ಹೆಸರಿನಲ್ಲಿ ಹೇಳಿದರು. ಆ ಮಾತು ಡ್ರಕರ್‌ನ ಪುಸ್ತಕಗಳಲ್ಲಿ ಸಿಕ್ಕುವುದಿಲ್ಲ ಎಂಬುದು ಬೇರೆ ವಿಷಯ. ಚಪ್ಪಾಳೆ ಬಿತ್ತು. ಮಧ್ಯಾಹ್ನ ಗೋಧಿ ಹುಗ್ಗಿ ಇತ್ತು, ಚೆನ್ನಾಗಿತ್ತು.

ನನ್ನ ತಕರಾರು ಆ ಮೂರು ವೃತ್ತದ ಮೇಲೆ. ಅವು ನಮ್ಮಲ್ಲಿಲ್ಲ ಎಂಬುದು ಸುಳ್ಳು. ಇದ್ದರೆ ಸಂಸ್ಥೆ ಉಳಿಯುತ್ತದೆ ಎಂಬುದೂ ಅರ್ಧ ಸತ್ಯ.

ಮೊದಲು ಆ ಮಂಗಳೂರಿನ ಕಡೆಯ ಬ್ಯಾಂಕುಗಳನ್ನೇ ನೋಡೋಣ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಂದ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆ ಹುಟ್ಟಿತು. 1924ಕ್ಕೆ ಕರ್ಣಾಟಕ ಬ್ಯಾಂಕ್, 1925ಕ್ಕೆ ಸಿಂಡಿಕೇಟ್, 1931ಕ್ಕೆ ವಿಜಯಾ. ಊರವರ ನಂಬಿಕೆ, ದಿನದ ಪಿಗ್ಮಿ, ಗುಮಾಸ್ತರ ಪ್ರಾಮಾಣಿಕತೆ, ಅಧಿಕಾರಿಗಳ ಶಿಸ್ತು, ಏನು ಬೇಕೋ ಎಲ್ಲ ಇತ್ತು. ಈಗ ವಿಜಯಾ ಬ್ಯಾಂಕ್ ಎಲ್ಲಿದೆ? 2019ರ ಏಪ್ರಿಲ್ 1ರಂದು ದೇನಾ ಬ್ಯಾಂಕಿನ ಜೊತೆಗೆ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ವಿಜಯಾ ಆಗ ಲಾಭದಲ್ಲಿತ್ತು, ಕೆಟ್ಟ ಸಾಲದ ಹೊರೆ ಹೊತ್ತು ಕೂತಿದ್ದು ದೇನಾ. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಹೋದವು. ಗಿರಾಕಿ ಬಿಟ್ಟುಹೋದದ್ದಕ್ಕೆ ಅವುಗಳ ಬೋರ್ಡು ಇಳಿದದ್ದಲ್ಲ. ದಿಲ್ಲಿಯಲ್ಲಿ ತೀರ್ಮಾನವಾಯಿತು, ಇಳಿಯಿತು.

ಇನ್ನು ನಮ್ಮ ಕಡೆ ಬ್ಯಾಂಕು ಹುಟ್ಟಲಿಲ್ಲ ಎಂಬ ಮೂದಲಿಕೆ. ಅಲ್ಲಿ ಬ್ಯಾಂಕುಗಳು ಹುಟ್ಟುತ್ತಿದ್ದಾಗ ಕೊಪ್ಪಳ, ಯಲಬುರ್ಗಾ ಎರಡೂ ಹೈದರಾಬಾದಿನ ಸಾಲಾರ್ ಜಂಗ್ ಮನೆತನದ ಜಾಗೀರು. ಇಲ್ಲಿನ ಎರೆಹೊಲದ ಕಂದಾಯ ಹೈದರಾಬಾದಿನ ದಿವಾನಖಾನೆಗೆ ಹೋಗುತ್ತಿತ್ತು. ನಿಜಾಮನ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರಿನಲ್ಲಿ. ತುಂಗಭದ್ರೆಗೆ ಅಣೆಕಟ್ಟು ನಿಂತದ್ದು 1953ಕ್ಕೆ. ಬ್ಯಾಂಕ್ ಕಟ್ಟುವುದಕ್ಕೆ ರಕ್ತಕ್ಕಿಂತ ಮೊದಲು ಊರಲ್ಲಿ ಉಳಿಯುವ ನಾಲ್ಕು ಕಾಸು ಬೇಕು.

ಕಾಸು ಉಳಿಯಲು ಶುರುವಾದ ಮೇಲೆ ಏನಾಯಿತು ನೋಡಿ. ಎಡದಂಡೆ ಕಾಲುವೆಗೆ ನೀರು ಬಂತು. ಆಂಧ್ರದಿಂದ ರೈತರು ಬಂದು ನೆಲೆಸಿ 'ಕ್ಯಾಂಪು'ಗಳೆದ್ದವು. ಗಂಗಾವತಿ, ಕಾರಟಗಿಗಳು ಭತ್ತದ ಕಣಜವಾದವು, ಅಕ್ಕಿ ಗಿರಣಿಗಳ ಸಾಲು ನಿಂತಿತು. ನಾನು ಅಂಥದೊಂದು ಗಿರಣಿಯ ಗಲ್ಲೆಯ ಪಕ್ಕ ಕುಳಿತು ಆರು ವರ್ಷ ಲೆಕ್ಕ ಬರೆದವನು. ಯಾವುದು ಎಂದು ಹೇಳುವುದು ಬೇಡ, ಎಲ್ಲ ಕಡೆಯೂ ಕಥೆ ಒಂದೇ. ಅಲ್ಲಿ ಸ್ಟ್ರಾಟಜಿ ಎಂಬ ಶಬ್ದವನ್ನು ಯಾರೂ ಆಡಲಿಲ್ಲ. ಆದರೆ ಅದನ್ನು ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ನೋಂದಾಯಿತ ಬ್ರಾಂಡಿನ ಹೆಸರಲ್ಲಿ ಚೀಲ ಕಟ್ಟಿ ಮಾರುವ ಅಕ್ಕಿಗೆ ಶೇ 5 ತೆರಿಗೆ, ಬ್ರಾಂಡಿಲ್ಲದ ಅಕ್ಕಿಗೆ ಇಲ್ಲ. ಬ್ರಾಂಡೇ ಸಂಸ್ಥೆಯ ಆಸ್ತಿ ಎಂದು ಮ್ಯಾನೇಜ್‌ಮೆಂಟ್ ಪುಸ್ತಕಗಳು ಪಾಠ ಹೇಳುತ್ತವೆ. ದೇಶದುದ್ದಕ್ಕೂ ಅಕ್ಕಿಯವರು ಆ ಪಾಠವನ್ನು ತಲೆಕೆಳಗು ಮಾಡಿದರು: ಬ್ರಾಂಡಿನ ನೋಂದಣಿಯನ್ನೇ ವಾಪಸು ಕೊಡಲು ಹೊರಟರು. ಸರ್ಕಾರಕ್ಕೆ ವಾಸನೆ ಬಡಿಯಿತು. ಅದೇ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ, ಮೇ 15ಕ್ಕೆ ಯಾರ ಬ್ರಾಂಡು ನೋಂದಣಿಯಲ್ಲಿತ್ತೋ ಅವರು ಆಮೇಲೆ ರದ್ದು ಮಾಡಿಸಿದರೂ ತೆರಿಗೆ ಕಟ್ಟಬೇಕು ಎಂದು ತೀರ್ಮಾನಿಸಿತು. ನೋಂದಣಿಯಿಲ್ಲದ ಹೆಸರಿನವರು, ಈ ಹೆಸರಿನ ಮೇಲೆ ಕಾನೂನಿನ ಹಕ್ಕು ಸಾಧಿಸುವುದಿಲ್ಲವೆಂದು ಬರೆದುಕೊಟ್ಟು, ಅದನ್ನೇ ಚೀಲದ ಮೇಲೂ ಇಂಗ್ಲಿಷಿನಲ್ಲಿ ಒಂದು ಸಲ, ಸ್ಥಳೀಯ ಭಾಷೆಯಲ್ಲಿ ಒಂದು ಸಲ ಅಚ್ಚು ಹಾಕಬೇಕಾಯಿತು. ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು, ದೇವರ ಚಿತ್ರ. ಕೆಳಗೆ ಸಣ್ಣ ಅಕ್ಷರದಲ್ಲಿ ಈ ಹೆಸರು ನಮ್ಮದೆಂದು ಜಗಳಕ್ಕೆ ಬರುವುದಿಲ್ಲ ಎಂಬ ಹೇಳಿಕೆ. ಬ್ರಾಂಡಿಂಗ್ ಬಗ್ಗೆ ಯಾವ ಪ್ರೊಫೆಸರರೂ ಬರೆಯದ ಅಧ್ಯಾಯ ಅದು.

2022ರ ಜುಲೈ 18ಕ್ಕೆ ನಿಯಮ ಮತ್ತೆ ಬದಲಾಯಿತು. ಬ್ರಾಂಡಿನ ಮಾತು ಹೋಯಿತು. ಅಚ್ಚು ಹಾಕಿ ಕಟ್ಟಿದ 25 ಕಿಲೋವರೆಗಿನ ಚೀಲಕ್ಕೆಲ್ಲ ಶೇ 5. ಮನೆಮನೆಗೆ ಹೋಗುತ್ತಿದ್ದುದು 25ರ ಚೀಲವೇ. ಕೆಲವೇ ದಿನಗಳಲ್ಲಿ ಪೇಟೆಗೆ 26 ಕಿಲೋ ಚೀಲ ಬಂತು, ಕೆಲವರದು 30. ಒಂದು ಕಿಲೋ ಹೆಚ್ಚಿಸಿದರೆ ಚೀಲ ತೆರಿಗೆಯ ಗೆರೆ ದಾಟಿ ಆಚೆ ನಿಂತಿತು. ಕನ್ಸಲ್ಟೆಂಟ್ ಬರಲಿಲ್ಲ, ಪರದೆ ಇರಲಿಲ್ಲ, ವೃತ್ತ ಇರಲಿಲ್ಲ. ಚೀಲದ ಪ್ರಿಂಟಿಂಗ್‌ನವನಿಗೆ ಒಂದು ಫೋನು ಹೋಯಿತು, ಅಷ್ಟೆ. ಇದಕ್ಕಿಂತ ಚುರುಕಾದ ಸಂಸ್ಥೆ ಬೇಕೆ?

ಇಲ್ಲಿಗೆ ನಿಲ್ಲಿಸಿದರೆ ನಾನೂ ಆ ಸಂಪನ್ಮೂಲ ವ್ಯಕ್ತಿಯ ಹಾಗೆಯೇ ಚಪ್ಪಾಳೆ ಹೊಡೆದಂತಾಗುತ್ತದೆ; ಆತ ಕಂಪನಿಗೆ, ನಾನು ನಮ್ಮೂರ ಸಾಹುಕಾರರಿಗೆ. ಆದರೆ ಗುಮಾಸ್ತನಿಗೆ ಲೆಕ್ಕದ ಚಟ ಬಿಡುವುದಿಲ್ಲ. ಇಪ್ಪತ್ತೈದು ಟನ್ನಿನ ಒಂದು ಲೋಡು ತೆಗೆದುಕೊಳ್ಳಿ. ಇಪ್ಪತ್ತೈದರ ಚೀಲವಾದರೆ ಸಾವಿರ ಚೀಲ. ಇಪ್ಪತ್ತಾರರದಾದರೆ 961. ಲಾರಿಗೆ ಏರಿಸುವ ಹಮಾಲರಿಗೆ ಕೂಲಿ ಚೀಲದ ಲೆಕ್ಕದಲ್ಲಿ, ತೂಕದ ಲೆಕ್ಕದಲ್ಲಲ್ಲ. ಅದೇ ಇಪ್ಪತ್ತೈದು ಟನ್ನು, ಅದೇ ಬೆನ್ನು. 39 ಚೀಲದ ಕೂಲಿ ಕಾಣೆಯಾಯಿತು. ಕಿಲೋಗೆ 40 ರೂಪಾಯಿ ಎಂದು ಹಿಡಿದರೆ ಆ ಲೋಡಿನ ಮೇಲೆ ಉಳಿದ ತೆರಿಗೆ 50 ಸಾವಿರ. ಅದರಲ್ಲಿ ಗಿರಾಕಿಗೂ ಒಂದು ಪಾಲು ಹೋಯಿತು, ಸುಳ್ಳು ಹೇಳಬಾರದು. ಅಕ್ಕಿಯ ದರ ಅಷ್ಟು ಏರದೆ ಉಳಿಯಿತು. ಹಮಾಲನ ಪಾಲಿಗೆ ಬಂದದ್ದು ಒಂದೊಂದು ಚೀಲಕ್ಕೆ ಒಂದೊಂದು ಕಿಲೋ.

ಯಾರೂ ಬೇಕೆಂದು ಮಾಡಿದ್ದಲ್ಲ ಅದು. ನಮ್ಮ ಗಿರಣಿಯ ಯಜಮಾನರು ಕೆಟ್ಟವರಲ್ಲ, ಅಮಾವಾಸ್ಯೆಗೆ ಹಮಾಲರಿಗೆಲ್ಲ ಊಟ ಹಾಕುತ್ತಿದ್ದರು. ಆದರೆ ಹೊಸ ಚೀಲದ ಅಳತೆ ಗೊತ್ತುಮಾಡುವಾಗ ಪ್ರಿಂಟಿಂಗ್‌ನವನನ್ನು ಕೇಳಿದರು, ಆಡಿಟರನ್ನು ಕೇಳಿದರು, ಬೆಂಗಳೂರಿನ ಹೋಲ್‌ಸೇಲಿನವರನ್ನು ಕೇಳಿದರು. ಹಮಾಲರ ಮೇಸ್ತ್ರಿಯನ್ನು ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ಪಕ್ಕದಲ್ಲೇ ಕೂತು ಲೆಕ್ಕ ಬರೆಯುತ್ತಿದ್ದ ನನಗೂ ತೋಚಲಿಲ್ಲ. ತಿಂಗಳಾದ ಮೇಲೆ ಮೇಸ್ತ್ರಿಯೇ ಬಂದು, 'ಅಣ್ಣಾರ, ಚೀಲ ಸ್ವಲ್ಪ ಜಡ ಆಗ್ಯಾವಲ್ರೀ' ಎಂದ. ಆಗ ನಾನು ಪೆನ್ನು ಹಿಡಿದು ಗುಣಾಕಾರ ಮಾಡಿದ್ದು.

ನನ್ನ ಮಾತಿನ ತಿರುಳು ಇದೇ. ಸಂಸ್ಥೆಯೊಂದು ಪೈಪೋಟಿಯಲ್ಲಿ ಉಳಿಯಿತು ಎಂದರೆ, ಬಂದ ನಷ್ಟವನ್ನು ಅದು ಎಲ್ಲೋ ಇಳಿಸಿತು ಎಂದರ್ಥ. ಎಲ್ಲಿ ಇಳಿಸಿತು ಎಂಬ ಕಾಲಂ ಮ್ಯಾನೇಜ್‌ಮೆಂಟಿನವರ ಪರದೆಯ ಮೇಲೆ ಇರುವುದಿಲ್ಲ.

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರಕ್ಕೆ ಬನ್ನಿ. ಮೂಲದಲ್ಲಿ ನೇಕಾರರ ಊರು, ಇಳಕಲ್ ಸೀರೆಯ ಮಗ್ಗಗಳು ಈಗಲೂ ಇವೆ. ಆದರೆ ಹೊರಗೆ ಹೆಸರಾದದ್ದು ಕೂದಲಿನಿಂದ. ಹಳ್ಳಿಯ ಓಣಿಗಳಲ್ಲಿ ಸೈಕಲ್ ಮೇಲೆ ಬಂದು 'ಕೂದ್ಲದಾವೇನ್ರೀ' ಎಂದು ಕೂಗಿ, ಹೆಣ್ಣುಮಕ್ಕಳು ತಲೆ ಬಾಚಿದಾಗ ಉದುರಿದ್ದನ್ನು ಸುತ್ತಿ ಗೋಡೆಯ ಸಂದಿಗೆ ತುರುಕಿಟ್ಟ ಉಂಡೆಗಳನ್ನು ಪಿನ್ನು, ಸ್ಟೀಲ್ ಬಟ್ಟಲಿಗೆ ಬದಲಾಯಿಸಿಕೊಳ್ಳುವವರನ್ನು ನೀವೂ ನೋಡಿರುತ್ತೀರಿ. ಆ ಉಂಡೆಗಳು ಮೂಟೆಯಾಗಿ ಬಂದು ಸೇರುವ ಊರುಗಳಲ್ಲಿ ಇದೂ ಒಂದು. ತಿರುಪತಿಯ ಹರಾಜಿನಲ್ಲಿ ಸಿಗುವ ಮುಡಿಯ ಕೂದಲು ಬೇರೆ ದರ್ಜೆಯದು: ಬುಡ ಒಂದು ಕಡೆ, ತುದಿ ಒಂದು ಕಡೆ, ನೀಟಾಗಿರುತ್ತದೆ. ಉಂಡೆಯ ಕೂದಲು ಅಂಥದ್ದಲ್ಲ. ಬುಡ ತುದಿ ಕಲಸಿಹೋಗಿರುತ್ತದೆ, ಧೂಳು, ಹೇನು, ಹತ್ತಿಯ ಎಳೆ ಎಲ್ಲ ಇರುತ್ತದೆ. ಅದನ್ನು ಬಿಡಿಸಬೇಕು.

ಬಿಡಿಸುವುದನ್ನು ಒಂದು ಮನೆಯ ಪಡಸಾಲೆಯಲ್ಲಿ ಕುಳಿತು ನೋಡಿದ್ದೇನೆ. ಐವತ್ತರ ಹೆಂಗಸು. ಮೂಗಿಗೆ ಸೆರಗು ಬಿಗಿದುಕೊಂಡು, ಕಾಲು ಚಾಚಿ ಕುಳಿತಿದ್ದಳು. ಮಡಿಲಲ್ಲಿ ಕಾಗೆಗೂಡಿನಂಥ ಒಂದು ಗಂಟು. ಬಲಗೈಯಲ್ಲಿ ದಬ್ಬಳದಂಥ ಸೂಜಿ. ಗಂಟಿನ ಅಂಚಿನಲ್ಲಿ ಸೂಜಿ ಆಡಿಸಿ, ಸಡಿಲಾದ ಎಳೆಯನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು, ಜಗ್ಗದೆ, ತುಂಡಾಗದಂತೆ ಹೊರಗೆ ತೆಗೆಯುತ್ತಿದ್ದಳು. ತುಂಡಾದರೆ ಉದ್ದ ಕಮ್ಮಿಯಾಯಿತು, ಉದ್ದ ಕಮ್ಮಿಯಾದರೆ ದರ ಕಮ್ಮಿ. ನೋಡುತ್ತ ನೋಡುತ್ತ ನನಗೆ ಕಣ್ಣು ಉರಿಯಿತು. ಅವಳು ಬಾಯಿಯಲ್ಲಿ ಮಗಳ ಬಾಣಂತನದ ಮಾತಾಡುತ್ತಿದ್ದಳು, ಬೆರಳು ತಪ್ಪಲಿಲ್ಲ. ಹೀಗೆ ಬಿಡಿಸಿದ್ದು ಆಮೇಲೆ ಮುಳ್ಳಿನ ಹಣಿಗೆಯ ಮೇಲೆ ಎಳೆಸಿಕೊಂಡು, ಇಂಚಿನ ಲೆಕ್ಕದಲ್ಲಿ ಬೇರೆ ಬೇರೆ ಕಟ್ಟಾಗಿ ಹೊರದೇಶಕ್ಕೆ, ಹೆಚ್ಚಾಗಿ ಚೀನಾದ ಕಡೆಗೆ, ವಿಗ್ಗಾಗಲು ಹೋಗುತ್ತದೆ.

'ಈ ಕೆಲಸ ಯಾರು ಕಲಿಸಿದರವ್ವಾ?' ಎಂದೆ. 'ಕಲಸೋದೇನೈತ್ರೀ ಇದ್ರಾಗ' ಎಂದಳು.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಇದನ್ನು ಗುರುತಿಸಿದ್ದ. ಒಂದು ಕಸುಬು ಒಂದೂರಲ್ಲಿ ತಳವೂರಿದರೆ ಅದರ ಗುಟ್ಟು ಊರ ಗಾಳಿಯಲ್ಲೇ ಬೆರೆಯುತ್ತದೆ, ಮಕ್ಕಳಿಗೂ ತಿಳಿಯದಂತೆ ತಲೆಗೇರುತ್ತದೆ ಎಂಬುದು ಅವನ ವಾದ. ಈಗಿನ 'ಕ್ಲಸ್ಟರ್' ಮಾತಿನ ಮೂಲ ಅಲ್ಲಿದೆ. ಮಾತು ನಿಜವೇ. ಭಾಗ್ಯನಗರದ ಕೂದಲು ಪೈಪೋಟಿಯಲ್ಲಿ ಗೆಲ್ಲುವುದಕ್ಕೆ ಕಾರಣ ಈ ಗಾಳಿಯಲ್ಲಿರುವ ವಿದ್ಯೆ. ಆದರೆ ಗಾಳಿಗೆ ದರವಿಲ್ಲ. ಕಲಿಸುವುದೇನಿದೆ ಎಂದು ಕಲಿತವಳೇ ಹೇಳುವಷ್ಟು ಆ ವಿದ್ಯೆ ಅಗ್ಗವಾಗಿದೆ. ಕಂಪನಿಯ ಪುಸ್ತಕ 'ಕಲ್ಚರ್' ಎಂದರೆ ಸಂಸ್ಥೆ ಕಷ್ಟಪಟ್ಟು ಬೆಳೆಸಿದ್ದು ಎನ್ನುತ್ತದೆ. ನಮ್ಮಲ್ಲಿ ಸಂಸ್ಥೆ ಬರುವ ಮೊದಲೇ ಅದು ಓಣಿಯಲ್ಲಿ ಬಿದ್ದಿರುತ್ತದೆ, ಬಂದವರು ಎತ್ತಿಕೊಳ್ಳುತ್ತಾರೆ.

2020ರಲ್ಲಿ ಕೊರೊನಾ ಬಂದು ಚೀನಾದ ದಾರಿ ಮುಚ್ಚಿದಾಗ ಆ ಪಡಸಾಲೆಯಲ್ಲಿ ಏನಾಯಿತು ಎಂದೂ ಕೇಳಿದೆ. ಕೆಲಸದಿಂದ ತೆಗೆದರೇ? 'ತಗೀಲಿಲ್ರೀ, ಕೂದ್ಲ ಬರ್ಲಿಲ್ಲ.' ಅಷ್ಟೇ. ತೆಗೆಯಲು ಅವಳು ಯಾರ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಇದಕ್ಕೆ ಪರದೆಯ ಭಾಷೆಯಲ್ಲಿ 'ಫ್ಲೆಕ್ಸಿಬಿಲಿಟಿ' ಎಂಬ ಚಂದದ ಹೆಸರಿದೆ. ಸಂಸ್ಥೆ ಬಾಗಿತು, ಮುರಿಯಲಿಲ್ಲ. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಕೂದಲಿನ ರಫ್ತಿಗೆ ಕಡಿವಾಣ ಹಾಕಿತು: ಬಿಡಿಸದ ಉಂಡೆಗಳೇ ಗಡಿ ದಾಟಿ ಹೋದರೆ ಇಲ್ಲಿನವರಿಗೆ ಕೆಲಸವಿರುವುದಿಲ್ಲ ಎಂದು ಕೂದಲಿನ ವ್ಯಾಪಾರಿಗಳೇ ಒತ್ತಾಯಿಸಿದ್ದರು. ಒಳ್ಳೆಯ ಕ್ರಮವೇ. ಆದರೆ ಗಮನಿಸಿ, ಉದ್ಯಮವನ್ನು ಆಗ ಕಾಪಾಡಿದ್ದು ಒಂದು ಸರ್ಕಾರಿ ಅಧಿಸೂಚನೆ.

ಕೂದಲಿನಿಂದ ಗೊಂಬೆಗೆ ಬರುತ್ತೇನೆ. ಪೈಪೋಟಿಯಲ್ಲಿ ಸೋತವರ ಉದಾಹರಣೆ ಬೇಕಾದಾಗಲೆಲ್ಲ ನಮ್ಮ ಜಿಲ್ಲೆಯಲ್ಲಿ ಕಿನ್ನಾಳದ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿನ ಚಿತ್ರಗಾರರು ಹಗುರ ಮರವನ್ನು ಕೊರೆದು, ಗೋಣಿಯ ನಾರನ್ನು ನೆನೆಸಿ ಒಣಗಿಸಿ ಪುಡಿಮಾಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಬೆರೆಸಿದ 'ಕಿಟ್ಟ'ದಿಂದ ಕೈಕಾಲು ಜೋಡಿಸಿ ಗೊಂಬೆ ಮಾಡುತ್ತಾರೆ. ಗರುಡ, ಗೌರಿ, ಹೋಳಿಯ ಕಾಮ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರ ಬರೆದವರು ತಮ್ಮ ಹಿರಿಯರೇ ಎಂಬುದು ಅವರ ಹೆಮ್ಮೆ. ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ. ಈಗ ಆ ಕೆಲಸ ಹಿಡಿದಿರುವ ಮನೆಗಳು ಕೆಲವೇ. ಅವರಿಗೆ ಮಾರ್ಕೆಟಿಂಗ್ ಗೊತ್ತಿಲ್ಲ, ಡಿಸೈನ್ ಬದಲಿಸುವುದಿಲ್ಲ, ಮ್ಯಾನೇಜ್‌ಮೆಂಟ್ ಇಲ್ಲ, ಅದಕ್ಕೆ ಸೋತರು ಎಂಬುದು ಎಲ್ಲರ ಬಾಯಲ್ಲಿರುವ ವಿವರಣೆ.

ಇದು ನನಗೆ ಒಪ್ಪಿಗೆಯಿಲ್ಲ. ಮೈಕೆಲ್ ಪೋರ್ಟರ್ 1980ರಲ್ಲಿ ಬರೆದ ಪುಸ್ತಕ ಇಂದಿಗೂ ಎಂಬಿಎ ಮಕ್ಕಳ ಪಠ್ಯ. ಅದರ ಸಾರ: ಗೆಲ್ಲಬೇಕಾದರೆ ಎಲ್ಲರಿಗಿಂತ ಅಗ್ಗವಾಗಿ ಮಾಡು, ಇಲ್ಲವೇ ಯಾರೂ ಮಾಡಲಾರದ್ದನ್ನು ಮಾಡು, ಇಲ್ಲವೇ ಸಣ್ಣದೊಂದು ಪೇಟೆಯನ್ನು ಹಿಡಿದು ಅಲ್ಲೇ ಗಟ್ಟಿಯಾಗು. ಕಿನ್ನಾಳದವರು ಎರಡನೆಯದನ್ನೂ ಮೂರನೆಯದನ್ನೂ ಒಟ್ಟಿಗೇ ಮಾಡಿದ್ದಾರೆ. ಅವರ ಗರುಡನನ್ನು ಬೇರೆ ಯಾವ ಊರವರೂ ಮಾಡಲಾರರು. ಪಠ್ಯದ ಪ್ರಕಾರ ಅವರು ಸಾಹುಕಾರರಾಗಿರಬೇಕಿತ್ತು.

ಆಗಲಿಲ್ಲ, ಏಕೆಂದರೆ ಅವರಿಗೆ ಕೆಳಗೆ ಯಾರೂ ಇಲ್ಲ. ಗಿರಣಿಯವರಿಗೆ ಹಮಾಲರಿದ್ದಾರೆ, ಭತ್ತವನ್ನು ಉದ್ರಿ ಕೊಟ್ಟು ವಾರಗಟ್ಟಲೆ ಕಾಯುವ ರೈತರಿದ್ದಾರೆ. ಎಷ್ಟೋ ಗಿರಣಿಗಳ ದುಡಿಯುವ ಬಂಡವಾಳ ಅಂದರೆ ಆ ಕಾಯುವ ರೈತನ ಹಣವೇ. ಕೂದಲಿನವರಿಗೆ ಪಡಸಾಲೆಯ ಹೆಂಗಸರಿದ್ದಾರೆ. ಚಿತ್ರಗಾರನ ಮನೆಯಲ್ಲಿ ಮರ ತರುವವನು ಅವನೇ, ಕೊರೆಯುವವನು ಅವನೇ, ಕಿಟ್ಟ ಅರೆಯುವವಳು ಹೆಂಡತಿ, ಬಣ್ಣ ಹಚ್ಚುವವಳು ಮಗಳು. ಸೀಸನ್ ಕೈಕೊಟ್ಟರೆ, ಅಂಗಡಿಯವನು ದುಡ್ಡು ತಡಮಾಡಿದರೆ, ಬಣ್ಣದ ದರ ಏರಿದರೆ, ಆ ಹೊರೆಯನ್ನು ಯಾರ ತಲೆಯ ಮೇಲಿಡಬೇಕು? ತನ್ನ ತಲೆಯ ಮೇಲೆಯೇ. ಒಂದು ತಲೆಮಾರು ಹೊತ್ತಿತು, ಮಗ ಒಲ್ಲೆ ಎಂದು ಬೇರೆ ಕೆಲಸ ನೋಡಿಕೊಂಡ. ಮ್ಯಾನೇಜ್‌ಮೆಂಟ್ ಇಲ್ಲದ್ದಕ್ಕೆ ಅಲ್ಲ, ಹೊರೆ ಇಳಿಸುವ ಜಾಗವಿಲ್ಲದ್ದಕ್ಕೆ ಕಸುಬು ಸೊರಗಿತು.

ಅದೇ ಗೊಂಬೆಯ ಹೆಸರಲ್ಲಿ ನಮ್ಮ ತಾಲ್ಲೂಕಿನ ಭಾನಾಪುರದಲ್ಲಿ ಇನ್ನೊಂದು ಕಥೆ ನಡೆಯಿತು. 2021ರ ಜನವರಿ 9ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಲ್ಲಿ ಆಟಿಕೆ ಕ್ಲಸ್ಟರಿಗೆ ಅಡಿಗಲ್ಲು ಹಾಕಿದರು. ಕಟ್ಟುವವರು ಏಕಸ್ ಕಂಪನಿ, ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗ ಮಾಡಿ ಹೆಸರಾದವರು. 400 ಎಕರೆ, 5 ಸಾವಿರ ಕೋಟಿ ಹೂಡಿಕೆ, 40 ಸಾವಿರ ಉದ್ಯೋಗ ಎಂಬ ಭರವಸೆ. ಕಿನ್ನಾಳ ಇರುವ ನೆಲ ಗೊಂಬೆಗೆ ಹೇಳಿಮಾಡಿಸಿದ್ದು ಎಂಬ ಮಾತೂ ಕೇಳಿಬಂತು. ಒಳಗೆ ಮಾಡುವುದು ಪ್ಲಾಸ್ಟಿಕ್ ಅಚ್ಚಿನ ಆಟಿಕೆ. ಕಿಟ್ಟಕ್ಕೂ ಅದಕ್ಕೂ ಏನು ಸಂಬಂಧ? ಊರ ಜಾತ್ರೆಯ ಹೆಸರು ಹೇಳಿ ಮಾಲ್ ಕಟ್ಟಿದ ಹಾಗೆ.

ಆ ಕಾರ್ಖಾನೆ ಬೇಡ ಎನ್ನುವವನಲ್ಲ ನಾನು. ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಹಾಜರಿ ಪುಸ್ತಕವಿದೆ, ಪಿಎಫ್ ಇದೆ. ಪಡಸಾಲೆಯ ಸೂಜಿಗಿಂತ ಅದು ಮೇಲು ಎಂದು ಒಪ್ಪುತ್ತೇನೆ. ನನ್ನ ಆಕ್ಷೇಪ ಕಿನ್ನಾಳದೊಡನೆ ಮಾಡುವ ಹೋಲಿಕೆಯ ಮೇಲೆ. ಕಾರ್ಖಾನೆಯ ಬೆನ್ನಿಗೆ ಏನೆಲ್ಲ ನಿಂತಿದೆ ನೋಡಿ. ಆಟಿಕೆ ಆಮದಿನ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿ 1ರಿಂದ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತಿಲ್ಲದ ಆಟಿಕೆ ಮಾರುವಂತಿಲ್ಲವಾಯಿತು. ಇಷ್ಟು ಎತ್ತರದ ಬೇಲಿಯೊಳಗೆ ಬೆಳೆದದ್ದನ್ನು ಸ್ಪರ್ಧಾತ್ಮಕ ಎಂದು ಹೊಗಳಿ, ಬೇಲಿಯಾಚೆ ನಿಂತ ಚಿತ್ರಗಾರನಿಗೆ ನಿನ್ನಲ್ಲಿ ಸ್ಟ್ರಾಟಜಿ ಇಲ್ಲ ಎಂದು ಬೈಯುವುದು ಯಾವ ನ್ಯಾಯ? ಬಿಐಎಸ್ ನಿಯಮದಿಂದ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಗೊಂಬೆಗಳಿಗೂ ವಿನಾಯಿತಿ ಕೊಟ್ಟಿದ್ದಾರೆ, ನಿಜ. ವಿನಾಯಿತಿ ಎಂದರೆ ನಿಮ್ಮನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಹೋಗಿ ಎಂದಷ್ಟೇ.

ಒಂದು ಆಕ್ಷೇಪ ಬಂದೇ ಬರುತ್ತದೆ: ಹಾಗಾದರೆ ನಂದಿನಿ ಹಾಲು? ರೈತರದೇ ಸಂಸ್ಥೆ, ಒಳ್ಳೆಯ ಆಡಳಿತ, ಅಗ್ಗದ ದರ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಬರುತ್ತೇನೆಂದಾಗ ಕನ್ನಡಿಗರೆಲ್ಲ ನಂದಿನಿಯ ಬೆನ್ನಿಗೆ ನಿಂತರಲ್ಲ, ಅದು ಸಂಸ್ಕೃತಿಯ ಬಲವಲ್ಲವೇ? ಬಲವೇ. ಆದರೆ ನಂದಿನಿ ಹಾಲು ಅಷ್ಟು ಅಗ್ಗವಾಗಿದ್ದರೂ ಹಾಲು ಹಾಕುವವರು ಉಳಿದದ್ದಕ್ಕೆ ಇನ್ನೊಂದು ಕಾರಣ ರಾಜ್ಯದ ಬೊಕ್ಕಸದಿಂದ ಲೀಟರಿಗೆ ಬರುವ 5 ರೂಪಾಯಿ ಪ್ರೋತ್ಸಾಹಧನ. ಇದನ್ನು ದೂರಾಗಿ ಹೇಳುತ್ತಿಲ್ಲ. ಇಲ್ಲಿ ಹೊರೆ ಎಲ್ಲಿ ಇಳಿಯಿತು ಎಂಬುದು ಬಜೆಟ್ ಪುಸ್ತಕದಲ್ಲಿ ಅಚ್ಚಾಗಿದೆ, ವಿಧಾನಸಭೆಯಲ್ಲಿ ಅದರ ಮೇಲೆ ಜಗಳವಾಗುತ್ತದೆ, ಹಾಲಿನ ಹಣ ತಡವಾದರೆ ಪತ್ರಿಕೆಯಲ್ಲಿ ಬರುತ್ತದೆ. ನಂದಿನಿ ಮೇಲು ಎನ್ನುವುದು ಈ ಕಾರಣಕ್ಕೆ. ಹಮಾಲನ 39 ಚೀಲ ಯಾವ ಬಜೆಟ್ಟಿನಲ್ಲಿದೆ?

ಕಬ್ಬಿಣದ ಮಾತು ಎತ್ತದೆ ಕೊಪ್ಪಳದ ಉದ್ಯಮದ ಬಗ್ಗೆ ಬರೆಯಲಾಗದು. ಗಿಣಿಗೇರಿ, ಬೇವಿನಹಳ್ಳಿ, ಹಿರೇಬಗನಾಳ ಸುತ್ತಮುತ್ತ ಮೂರು ದಶಕದಿಂದ ಚಿಮಣಿಗಳಿವೆ. ಅಲ್ಲಿನ ಊರುಗಳಲ್ಲಿ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವ ಹಾಗಿಲ್ಲ. ಸಂಜೆಗೆ ಕಪ್ಪು ಬೂದಿ ಕೂತಿರುತ್ತದೆ. 2025ರ ಫೆಬ್ರುವರಿಯಲ್ಲಿ ಕೊಪ್ಪಳದ ಮಗ್ಗುಲಿಗೇ ಬಲ್ಡೋಟಾ ಕಂಪನಿಯವರ ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬರುತ್ತದೆ ಎಂದಾದಾಗ, 24ರಂದು ಊರಿಗೆ ಊರೇ ಬಂದ್ ಆಯಿತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರೇ ಬೀದಿಗಿಳಿದರು. ಮುಂದಿನ ವಾರಗಳಲ್ಲಿ ಸರ್ಕಾರ ತಡೆಯ ಮಾತಾಡಬೇಕಾಯಿತು. ಆಗ ಕೆಲವರು, ನೋಡಿ, ಈ ಭಾಗದವರಿಗೆ ಉದ್ಯಮದ ಸಂಸ್ಕೃತಿ ಇಲ್ಲ ಎಂದು ಮತ್ತೆ ಅದನ್ನೇ ಹಾಡಿದರು. ನಾನು ಓದುವುದು ಬೇರೆ. ಬೂದಿ ಯಾರ ಮಾಳಿಗೆಗೆ ಬೀಳುತ್ತದೆ ಎಂದು ಮೊದಲೇ ಲೆಕ್ಕ ಕೇಳಿದ ಜನ ಅವರು. ಕಾರ್ಖಾನೆಯ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಇರಬೇಕಾದ ಕಾಲಮ್ಮನ್ನು ರಸ್ತೆಯ ಮೇಲೆ ನಿಂತು ಬರೆಸಿದರು.

ಜಿಲ್ಲಾ ಕೈಗಾರಿಕಾ ಕೇಂದ್ರದವರಲ್ಲಿ, ತರಬೇತಿ ನಡೆಸುವ ಕಾಲೇಜುಗಳವರಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಶಿಬಿರಕ್ಕೆ ಹಮಾಲರ ಮೇಸ್ತ್ರಿಯೊಬ್ಬನನ್ನು ಕರೆಯಿರಿ. ಅವನಿಗೆ ಪರದೆ ಬೇಡ, ಒಂದು ಕುರ್ಚಿ ಸಾಕು. ನಮ್ಮ ಗಿರಣಿಗಳು, ಕೂದಲಿನ ಕಾರ್ಖಾನೆಗಳು ಹೇಗೆ ಉಳಿದವು ಎಂಬುದನ್ನು ಅವನಷ್ಟು ಖಚಿತವಾಗಿ ಬಲ್ಲವರು ಆ ಸಭೆಯಲ್ಲಿ ಯಾರೂ ಇರಲಾರರು.

ನಾನು ಗಿರಣಿ ಬಿಟ್ಟ ದಿನದವರೆಗೂ ಅಲ್ಲಿ ಹಮಾಲಿ ಚೀಲದ ಲೆಕ್ಕದಲ್ಲೇ ಇತ್ತು. ಚೀಲ ಇಪ್ಪತ್ತಾರು ಕಿಲೋದ್ದೇ ಆಗಿತ್ತು.